ಗುಂಡಿ ಒತ್ತುವ ಕೈ

"ಸಮಸ್ತ ಶೋಕತಪ್ತ ಕನ್ನಡ ಬಂಧುಗಳ ಅವಗಾಹನೆಗೆ!"

ಕನ್ನಡ ಸಂಘದ ಅಧ್ಯಕ್ಷ ರಾಜಶೇಖರ್ ಬೇಸ್‌ಮೆಂಟಿನಲ್ಲಿ ಕುರ್ಚಿ ಹತ್ತಿ ನಿಂತು ಕೈಯೆತ್ತಿದರು. ಕಾಫಿ ಲೋಟಗಳು ತುಟಿಯವರೆಗೆ ಬಂದು ನಿಂತವು.

"ಬೂದು ಬಣ್ಣದ ವ್ಯಾನೊಂದು ಪಕ್ಕದ ಮನೆಯವರ ಮೇಲ್‌ಬಾಕ್ಸಿಗೆ ಅಡ್ಡ ನಿಂತಿರುವುದು ಗಮನಕ್ಕೆ ಬಂದಿದೆ. ಪೋಸ್ಟ್‌ನವರು ಹಾಗೇ ವಾಪಸ್ ಹೋದಲ್ಲಿ ಅದರ ನೈತಿಕ ಹೊಣೆಯನ್ನು ಸಂಘ ಹೊರುವುದಿಲ್ಲ."

"ರೀ, ಅದು ನಮ್ಮದೇ ವ್ಯಾನು," ಎಂದರು ಅವರ ಹೆಂಡತಿ.

ಅಧ್ಯಕ್ಷರು ಕುರ್ಚಿಯಿಂದ ಇಳಿದು, ಹೊಣೆಯ ಬದಲು ಕೀಲಿಕೈ ಹೊತ್ತು ಹೊರಟರು.

ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನ ಆ ಮನೆಯೊಡತಿ ವಸುಧಾ ತೀರಿಕೊಂಡದ್ದು ಮಂಗಳವಾರ. ಈ ದೇಶದಲ್ಲಿ ಸತ್ತವರಿಗೂ ಅಪಾಯಿಂಟ್‌ಮೆಂಟ್ ಬೇಕು. ಅವಳಿಗೆ ಸಿಕ್ಕಿದ್ದು ಶುಕ್ರವಾರ ಮಧ್ಯಾಹ್ನ. ಆಫ್ರಿಕಾದ ಮಲಾವಿಯ ಶಾಲೆಯೊಂದರ ಹುಡುಗಿಯರಿಗೆ ಮುಟ್ಟಿನ ಪಾಠ ಹೇಳಲು ಅವಳು ವರ್ಷಕ್ಕೊಮ್ಮೆ ಹೋಗುತ್ತಿದ್ದಳು. ಅಲ್ಲಿಗೆ ಬೇಕಾದ ಬಟ್ಟೆಯ ಪ್ಯಾಡುಗಳ ಮಾದರಿಗಳನ್ನು ಹೊಲಿಯುತ್ತಿದ್ದದ್ದು ಇದೇ ಬೇಸ್‌ಮೆಂಟಿನಲ್ಲಿ. ಇವತ್ತು ಹೊಲಿಗೆ ಮಷೀನುಗಳ ಮೇಲೆ ಬೆಡ್‌ಶೀಟ್ ಹಾಸಿ ಕಾಫಿ ಫ್ಲಾಸ್ಕುಗಳನ್ನು ಇಟ್ಟಿದ್ದರು.

ಮಗಳು ಇಳಾ ಈ ಸಂತೆಯಿಂದ ತಪ್ಪಿಸಿಕೊಂಡು, ಡ್ರೈವ್‌ವೇಯಲ್ಲಿ ನಿಂತಿದ್ದ ಅಮ್ಮನ ಕಾರಿನೊಳಗೆ ಕೂತಿದ್ದಳು. ಫೋನ್ ಬಂತು. ಮಂಡಿನೋವಿನಿಂದ ಮಹಡಿ ಇಳಿಯಲಾರದ ಅಜ್ಜಿ ಶಿವಲಿಂಗಮ್ಮ, ಅಂದರೆ ಅವಳ ಅಪ್ಪ ಕೇಶವ್‌ನ ತಾಯಿ, ಮೇಲಿನ ಕೋಣೆಯಿಂದ ಮಾಡಿದ್ದು.

"ಏನೇ ಮಗು, ಕಾರ್ಯಕ್ಕೆ ನೀನೇ ಕೈ ಹಚ್ಚಬೇಕು. ಅದಕ್ಕೇ ಕೇಳ್ತಿದೀನಿ. ಹೊರಗೇನಾದರೂ ಇದೀಯಾ?"

"ಹೌದಜ್ಜಿ, ಹೊರಗೇ ಇದೀನಿ."

"ಅಯ್ಯೋ ಶಿವನೇ! ಯಾವಾಗಿಂದ?"

"ಬೆಳಿಗ್ಗೆಯಿಂದ. ಐ ನೀಡ್ ಸಮ್ ಟೈಮ್, ಅಜ್ಜಿ. ಸ್ವಲ್ಪ ಹೊತ್ತು ಬಿಟ್ಟು ಒಳಗೆ ಬರ್ತೀನಿ."

"ಸ್ವಲ್ಪ ಹೊತ್ತಿಗೆಲ್ಲ ಒಳಗೆ ಬರಕ್ಕಾಗುತ್ತೇನೇ? ಮೂರು ದಿನ ಬೇಡವಾ?"

"ಮೂರು ದಿನಾನಾ? ಹೊರಗೆ ಹಿಮ ಬಿದ್ದಿದೆ ಅಜ್ಜಿ, ಚಳಿಗೆ ಸತ್ತೇ ಹೋಗ್ತೀನಿ."

ಅಜ್ಜಿ ಫೋನ್ ಇಟ್ಟರು. ಸೊಸೆ ಸತ್ತ ದುಃಖಕ್ಕೆ ಅಜ್ಜಿಗೆ ತಲೆ ನಿಲ್ಲುತ್ತಿಲ್ಲವೆಂದು ಇಳಾ ಅಂದುಕೊಂಡಳು. ಮುಟ್ಟಾದವಳನ್ನು ಕನ್ನಡಿಗರು "ಹೊರಗಿದ್ದಾಳೆ" ಎನ್ನುತ್ತಾರೆಂಬುದು ಇಪ್ಪತ್ತಾರು ವರ್ಷದ ಆ ಹುಡುಗಿಗೆ ಗೊತ್ತೇ ಇರಲಿಲ್ಲ. ಗೊತ್ತಾಗದಂತೆ ಬೆಳೆಸಿದವಳು ಅವಳ ಅಮ್ಮನೇ.

*

ವಸುಧಾ ಮಲಾವಿಗೆ ಮೊದಲ ಸಲ ಹೋದದ್ದು ಇಳಾ ಆರನೇ ಕ್ಲಾಸಿನಲ್ಲಿದ್ದಾಗ. ಅವಳು ಕೆಲಸ ಮಾಡುತ್ತಿದ್ದ ಪ್ಲಿಮತ್‌ನ ಆಫೀಸಿನ ಗೆಳತಿಯೊಬ್ಬಳು ಅಲ್ಲಿಯ ಶಾಲೆಗೆ ಪುಸ್ತಕ ಹಂಚಲು ಹೊರಟಿದ್ದಳು. ಆನೆ, ಜಿರಾಫೆ ನೋಡಿ ಬರೋಣವೆಂದು ಇವಳೂ ಜೊತೆಯಾದಳು.

ಹಂಚುವಾಗ ನೋಡಿದರೆ ಹಿಂದಿನ ಬೆಂಚುಗಳು ಖಾಲಿ. ದೊಡ್ಡ ಹುಡುಗಿಯರೆಲ್ಲಿ ಎಂದು ಕೇಳಿದಳು.

"ತಿಂಗಳಿಗೆ ಹೋಗಿದಾರೆ," ಎಂದರು ಟೀಚರ್. ಮುಟ್ಟಾದವರನ್ನು ಅಲ್ಲಿ ಹಾಗನ್ನುತ್ತಾರೆ; ಅವರ ಭಾಷೆಯಲ್ಲಿ ಚಂದ್ರನಿಗೂ ತಿಂಗಳಿಗೂ ಒಂದೇ ಮಾತು.

"ನಮ್ಮ ಕನ್ನಡದಲ್ಲೂ ಹಾಗೇ!" ಎಂದು ವಸುಧಾ ನಕ್ಕಳು. ಆ ನಗು ಸಂಜೆಯವರೆಗೂ ಉಳಿಯಲಿಲ್ಲ. ಚಿಸೊಮೊ ಎಂಬ ಹುಡುಗಿ ತನ್ನ ಮನೆಯ ಹಿಂದುಗಡೆ ಗೋಡೆಗೆ ಒರಗಿ ಕೂತಿದ್ದಳು. ಹಳೇ ಹಾಸಿಗೆಯಿಂದ ಕಿತ್ತ ಸ್ಪಂಜನ್ನೇ ಕಟ್ಟಿಕೊಂಡು ತೊಡೆಸಂದು ಕೀವಾಗಿ ಜ್ವರ ಏರಿತ್ತು. ಮಾಡಿನಿಂದ ನೀರು ತೊಟ್ಟಿಕ್ಕಿದರೂ ಅವಳು ಒಳಗೆ ಹೋಗುತ್ತಿರಲಿಲ್ಲ.

"ಇದರಿಂದ ಸತ್ತುಹೋಗ್ತಾರಾ?" ಎಂದು ಅವಳು ಟೀಚರ್ ಮೂಲಕ ಕೇಳಿದಳು.

"ಇಲ್ಲ."

"ನಿಮಗೆ ಮೊದಲ ಸಲ ಆದಾಗ ನಿಮ್ಮಮ್ಮ ಏನು ಹೇಳಿದ್ರು?"

"ಏನೂ ಹೇಳಲಿಲ್ಲ," ಎಂದಳು ವಸುಧಾ. "ಅಡುಗೆಮನೆ ಬಾಗಿಲು ಹಾಕಿಕೊಂಡರು."

ಮರುವರ್ಷ ಎರಡು ಸೂಟ್‌ಕೇಸ್ ತುಂಬ ಪ್ಯಾಡು ಒಯ್ದಳು. ವ್ಯಾಪಾರದ ಸರಕೆಂದು ದಾರಿಯ ಯಾವುದೋ ವಿಮಾನನಿಲ್ದಾಣದಲ್ಲಿ ಕಿತ್ತುಕೊಂಡರು. "ಮುಟ್ಟಿನ ಬಟ್ಟೆಗೇ ಮುಟ್ಟುಗೋಲು ಹಾಕಿಬಿಟ್ರು ಶರ್ಫು!" ಎಂದು ಗೆಳತಿ ಶರ್ಫುನ್ನೀಸಾಗೆ ಅಲ್ಲಿಂದಲೇ ಫೋನ್ ಮಾಡಿದಳು. ವಿಜಯಪುರದ ಶರ್ಫುನ್ನೀಸಾ ಪಕ್ಕದ ಕ್ಯಾಂಟನ್‌ನಲ್ಲಿ ಟೈಲರ್ ಅಂಗಡಿ ಇಟ್ಟವಳು. ವಸುಧಾಗೆ ಹೊಲಿಗೆ ಕಲಿಸಿದವಳು. "ಮಾಲು ಒಯ್ಯಬ್ಯಾಡವಾ, ಹೊಲಿಯೂದ ಕಲಿಸು. ಕೈ ಯಾರ ಕಸಗೋತಾರ?" ಎಂದಳು.

ಹಾಗೆ ವಸುಧಾ ಮೇಡಂ ಆದಳು. ಬೋರ್ಡಿನ ಮೇಲೆ ಗರ್ಭಕೋಶ ಬರೆದಳು. ಎತ್ತಿನ ತಲೆಯ ಹಾಗಿದೆಯೆಂದು ಹುಡುಗಿಯರು ಬಿದ್ದು ಬಿದ್ದು ನಕ್ಕರು. "ನಕ್ಕಾಯ್ತಾ? ಈಗ ಇದರ ಹೆಸರು ಹೇಳಿ," ಎಂದಳು. ಮೊದಲು ಪಿಸುಮಾತಿನಲ್ಲಿ, ಆಮೇಲೆ ಕಿಟಕಿಯಾಚೆ ಆಡುತ್ತಿದ್ದ ಗಂಡುಹುಡುಗರು ಚೆಂಡು ಬಿಟ್ಟು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿಸಿದಳು.

ಮನೆಗೆ ಬಂದವಳೇ ಕಾನೂನು ಮಾಡಿದಳು. "ಅತ್ತೆ, ಈ ಮನೇಲಿ ಇನ್ನು ಮೇಲೆ ಹೊರಗೆ ಅಂದ್ರೆ ಹೊರಗೆ. ಕಾಗೆ ಅಂದ್ರೆ ಕಾಗೆ, ಅದು ಯಾರನ್ನೂ ಮುಟ್ಟಲ್ಲ. ಇಳಾ ಇದನ್ನೆಲ್ಲ ಕೇಳಿಸಿಕೊಳ್ಳಕೂಡದು." ಹೀಗಾಗಿ ಇಳಾ ಫೆಲೋಪಿಯನ್ ಟ್ಯೂಬ್ ಗೊತ್ತಿದ್ದು ಕಾಗೆ ಗೊತ್ತಿಲ್ಲದವಳಾದಳು.

*

ಫ್ಯೂನರಲ್ ಹೋಮಿನ ಹಾಲ್‌ನಲ್ಲಿ ವಸುಧಾ ಹಸಿರು ರೇಷ್ಮೆಸೀರೆಯಲ್ಲಿ ಮಲಗಿದ್ದಳು. ಮುಖಕ್ಕೆ ಯಾರೋ ಅಮೆರಿಕದ ಗುಲಾಬಿ ಬಣ್ಣ ಬಳಿದಿದ್ದರು. ಇಳಾ ಹೋಗುವಷ್ಟರಲ್ಲಿ ಭಟ್ಟರು ಶಿಕಾಗೋದಿಂದ ಬಂದಿದ್ದ ದೊಡ್ಡಪ್ಪನ ಮಗ ವಿಶ್ರುತ್‌ನ ಬೆರಳಿಗೆ ದರ್ಭೆ ತೊಡಿಸುತ್ತಿದ್ದರು.

"ಅದು ನಾನು ಮಾಡ್ಬೇಕಲ್ವಾ?" ಎಂದಳು ಇಳಾ.

ವಿಶ್ರುತ್ ಬೆರಳು ಅಲ್ಲಾಡಿಸಿ, "ಅಜ್ಜಿ ಸೆಡ್ ಯು ಕಾಂಟ್," ಎಂದ. "ವೈ ಅಂತ ಯಾರೂ ಹೇಳ್ತಿಲ್ಲ."

ರಾಜಶೇಖರ್ ಮುಂದೆ ಬಂದರು. "ನೋಡಮ್ಮ, ಊರಲ್ಲಿ ಗುಂಡಿ ತೋಡ್ತಾರೆ, ಇಲ್ಲಿ ಗುಂಡಿ ಒತ್ತುತಾರೆ. ಗ್ಯಾಸ್ ಒಲೆ ಹಚ್ಚಿದ ಹಾಗೆ, ಅಷ್ಟೇ. ಯಾರು ಒತ್ತಿದರೂ ಉರಿಯುತ್ತೆ. ಪ್ರಕೃತಿನಿಯಮ ಅಂತ ಒಂದಿರುತ್ತಲ್ಲ..."

"ಯಾವ ನಿಯಮ, ಅಂಕಲ್?"

ಅಂಕಲ್ ಕಾರ್ಪೆಟ್ ನೋಡಿದರು. ಹದಿನಾಲ್ಕು ವರ್ಷ ಸಂಘದ ವೇದಿಕೆಯಲ್ಲಿ ವಸುಧಾ ಅವರ "ಆ ಒಂದು ಮಹತ್ಕಾರ್ಯ"ವನ್ನು ಹೊಗಳಿದ್ದರು; ಯಾವ ಕಾರ್ಯವೆಂದು ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ.

ಶರ್ಫುನ್ನೀಸಾ ಇಳಾಳನ್ನು ಗೋಡೆಯ ಕಡೆಗೆ ಎಳೆದುಕೊಂಡಳು. "ನಿಮ್ಮಜ್ಜಿ ಹೊರಗದೀಯೇನು ಅಂತ ಕೇಳಿದ್ರೇನು?"

"ಹೌದು. ಕಾರಲ್ಲಿದ್ದೆ. ಹೌದು ಅಂದೆ."

"ಹೊರಗ ಅಂದ್ರ ಪೀರಿಯಡ್ ಆಗೂದವ್ವಾ."

ಇಳಾ ಬಾಯಿಗೆ ಕೈ ಅಡ್ಡ ಹಿಡಿದಳು. ನಗುವೋ ಅಳುವೋ ದೂರದಿಂದ ಗೊತ್ತಾಗುವಂತಿರಲಿಲ್ಲ. "ಬಟ್ ಐ ಆಮ್ ನಾಟ್, ಆಂಟಿ!"

"ಹೋಗಿ ಹೇಳು. ಒಂದ ಮಾತಿನ್ಯಾಗ ಮುಗೀತದ."

ಭಟ್ಟರಿಗೂ ಅದೇ ಬೇಕಿತ್ತು. ಒಳ್ಳೆಯ ಮನುಷ್ಯ. ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಇಲ್ಲ ಅಂತ ಒಂದು ಮಾತು ಹೇಳಿಬಿಡಮ್ಮ. ನಾನು ಮತ್ತೆ ಪ್ರಶ್ನೆ ಮಾಡಲ್ಲ. ನಿನ್ನ ಕೈಯಲ್ಲೇ ಮಾಡಿಸ್ತೀನಿ," ಎಂದರು.

ಇಳಾ ಅಮ್ಮನ ಮುಖ ನೋಡಿದಳು.

*

ಮುಟ್ಟು ನಿಂತು ಆರು ವರ್ಷವಾದ ಮೇಲೆ ವಸುಧಾಗೆ ಮತ್ತೆ ರಕ್ತ ಕಂಡಿತ್ತು. ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಆ ನಡುವೆ ಒಮ್ಮೆ ಮಲಾವಿಗೂ ಹೋಗಿ, "ಏನಾದರೂ ಬೇರೆ ಥರ ಕಂಡರೆ ತಕ್ಷಣ ಹೇಳಬೇಕು, ಯಾಕೆ ನಾಚಿಕೆ?" ಎಂದು ಪಾಠ ಹೇಳಿ ಬಂದಳು. ಕೊನೆಗೆ ನೋಡಿದ್ದು ಶರ್ಫುನ್ನೀಸಾ: ಹೊಲಿಗೆ ಮಷೀನಿನ ಮುಂದಿನ ಕುರ್ಚಿಯ ಮೇಲಿನ ಕಲೆ. ಅಷ್ಟರಲ್ಲಿ ಗರ್ಭಕೋಶದ ಕ್ಯಾನ್ಸರು ಲಿವರ್ ಮುಟ್ಟಿತ್ತು.

"ನನಗಾದರೂ ಹೇಳಬಹುದಿತ್ತಲ್ಲ," ಎಂದ ಕೇಶವ್, ಆಸ್ಪತ್ರೆಯ ಕಾರಿಡಾರಿನಲ್ಲಿ. ಡಿಯರ್‌ಬಾರ್ನಿನ ಕಾರು ಕಾರ್ಖಾನೆಯಲ್ಲಿ ಎಂಜಿನ್‌ಗಳ ಸಣ್ಣ ಸದ್ದನ್ನೂ ಪತ್ತೆ ಹಚ್ಚುವ ಕೆಲಸ ಅವನದು.

"ನೀವು ಯಾವತ್ತರೆ ಕೇಳಿದ್ರೇನು?" ಎಂದಳು ಶರ್ಫುನ್ನೀಸಾ.

ಕೊನೆಯ ವಾರ, ಮಾರ್ಫೀನಿನ ನಡುವೆ ಎಚ್ಚರಾದಾಗ ವಸುಧಾ ಮಗಳ ಕೈ ಹಿಡಿದಿದ್ದಳು. "ಗುಂಡಿ ನೀನೇ ಒತ್ತು. ಯಾವ ದಿನವಾದರೂ ಸರಿ. ಅವರು ಕೇಳಿದರೆ ಉತ್ತರ ಕೊಡಬೇಡ." ಯಾವ ದಿನವೆಂದರೆ ಸೋಮವಾರವೋ ಮಂಗಳವಾರವೋ ಎಂದು ಇಳಾ ತಿಳಿದಿದ್ದಳು.

*

"ಹೇಳಮ್ಮ," ಎಂದರು ಭಟ್ಟರು.

"ಹೇಳಲ್ಲ," ಎಂದಳು ಇಳಾ. "ಹೌದು ಅಂತಾನೂ ಹೇಳಲ್ಲ, ಇಲ್ಲ ಅಂತಾನೂ ಹೇಳಲ್ಲ. ವಿಶ್ರುತ್‌ನ ಕೇಳಿದ್ರಾ?"

"ವಾಟ್ ಡಿಡ್ ಐ ಡು?" ಎಂದ ವಿಶ್ರುತ್.

"ಹಠ ಮಾಡಬೇಡ್ವೇ," ಎಂದು, ಮಹಡಿಯಿಂದ ಎತ್ತಿ ತಂದು ಗಾಲಿಕುರ್ಚಿಯಲ್ಲಿ ಕೂರಿಸಿದ್ದ ಶಿವಲಿಂಗಮ್ಮ ಗದರಿದರು. "ಅವಳಿಗೆ ಸದ್ಗತಿ ಬೇಡವಾ? ನಲವತ್ತು ವರ್ಷ ನಾನು ಏನು ಮುಟ್ಟಬೇಡ ಅಂದ್ರೆ ಅದನ್ನೇ ಮುಟ್ಟಿದಳು. ಹೋಗುವಾಗಲಾದರೂ ನೆಟ್ಟಗೆ ಹೋಗಲಿ."

"ಅಮ್ಮ." ಕೇಶವ್ ಅಷ್ಟು ಹೊತ್ತಿಗೆ ಮೊದಲ ಸಲ ಬಾಯಿ ತೆರೆದಿದ್ದ. "ಇಳಾನೇ ಒತ್ತುತಾಳೆ. ಅವಳು ಹೊರಗಿದ್ರೂ ಸರಿ, ಒಳಗಿದ್ರೂ ಸರಿ, ಅಟ್ಟದ ಮೇಲಿದ್ರೂ ಸರಿ. ಗುಂಡಿ ಒತ್ತಕ್ಕೆ ಗುಂಡಿಗೆ ಬೇಕು. ನನಗಿಲ್ಲ, ಅವಳಿಗಿದೆ."

ಅವನು ಅಳುತ್ತಿದ್ದ. ರಾಜಶೇಖರ್ ಏನೋ ಘೋಷಿಸಲು ಕೈಯೆತ್ತಿ, ಕೂದಲು ಸರಿಮಾಡಿಕೊಂಡು ಇಳಿಸಿದರು. ಭಟ್ಟರು ವಿಶ್ರುತ್‌ನ ಬೆರಳಿನಿಂದ ದರ್ಭೆ ಬಿಚ್ಚಿ ಇಳಾಳಿಗೆ ತೊಡಿಸಿದರು. ಕೈ ತಾಕಿತು, ಅವರು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಶಿವಲಿಂಗಮ್ಮ ಸೊಸೆಯ ಪಾದ ನೋಡಿದರು, ಮೊಮ್ಮಗಳ ಕಾಲು ನೋಡಿದರು. ಆಮೇಲೆ, "ಆ ಬೂಟಾದರೂ ಬಿಚ್ಚೇ," ಎಂದರು. "ತಾಯಿ ಹೆಣದ ಮುಂದೆ ಬೂಟು ಹಾಕ್ಕೊಂಡು ನಿಲ್ತಾರಾ? ಎಲ್ಲರೂ ಬಿಟ್ಟು ಬಂದಿಲ್ವಾ? ಇದೊಂದು ಮಾತು ಕೇಳು."

"ಆಯ್ತಜ್ಜಿ." ಇಳಾ ಬೂಟು, ಸಾಕ್ಸು ಬಿಚ್ಚಿ, ಮುಂಬಾಗಿಲಿನ ಬಳಿಯಿದ್ದ ರಾಶಿಗೆ ಸೇರಿಸಿದಳು. ಇಷ್ಟು ಅಗ್ಗದಲ್ಲಿ ಗೆದ್ದೆನಲ್ಲ ಎನ್ನಿಸಿ, ಬಾಗಿ ಅಜ್ಜಿಯ ಕೆನ್ನೆ ಮುಟ್ಟಿದಳು.

ದಹನದ ಕಟ್ಟಡ ಹಿಂದುಗಡೆ. ಶವಪೆಟ್ಟಿಗೆಯನ್ನು ಹೊರಗೆ ಹಿಮ ಬಿದ್ದ ರ‍್ಯಾಂಪಿನ ಮೇಲೆ ತಳ್ಳಿಕೊಂಡು ಹೋಗಬೇಕಿತ್ತು. ಜೊತೆಗೆ ವಿಶ್ರುತ್ ಶೂ ಏರಿಸಿಕೊಂಡು ಹೋದ. ಮಿಕ್ಕವರು ಒಳಗಿನ ಉದ್ದನೆಯ ಕಾರಿಡಾರಿನಲ್ಲಿ ಬರಿಗಾಲಲ್ಲಿ ನಡೆದರು.

ಕುಲುಮೆಯ ಬಾಗಿಲು ಮೇಲೆದ್ದಿತು. ಪೆಟ್ಟಿಗೆ ರೋಲರುಗಳ ಮೇಲೆ ಉರುಳಿ ಒಳಗೆ ಹೋಯಿತು. ಬಾಗಿಲು ಇಳಿಯಿತು. ಭಟ್ಟರು ಕೊನೆಯ ಮಂತ್ರ ಮುಗಿಸಿ ಇಳಾಳತ್ತ ತಲೆಯಾಡಿಸಿದರು. ನೆಲದ ಮೇಲೆ ಹಳದಿ ಗೆರೆ, ಗೆರೆಯಾಚೆ ಗೋಡೆಯಲ್ಲಿ ಹಸಿರು ಗುಂಡಿ. ಅವಳು ಮುಂದೆ ನಡೆದಳು.

ಆಪರೇಟರ್ ಹೆಂಗಸು ಕೈ ಅಡ್ಡ ಹಿಡಿದಳು. ಇಳಾಳ ಮುಖ ನೋಡಲಿಲ್ಲ, ಪಾದ ನೋಡಿದಳು. ಬರಿಗಾಲಲ್ಲಿ ಗೆರೆ ದಾಟುವಂತಿಲ್ಲ, ಇನ್ಶೂರೆನ್ಸಿನವರ ನಿಯಮ, ಮುಚ್ಚಿದ ಶೂ ಇರಲೇಬೇಕು ಎಂದು ಮೆಲ್ಲಗೆ ಹೇಳಿದಳು. ಬೂಟು ತರಲು ಪುರಸೊತ್ತಿಲ್ಲ, ಒಳಗೆ ಆಗಲೇ ಕಾದಿದೆ, ಈಗಲೇ ಶುರು ಮಾಡಬೇಕು. ಅವಳು ಕುಟುಂಬದವರ ಪಾದಗಳನ್ನೆಲ್ಲ ಸಾಲಾಗಿ ನೋಡಿಕೊಂಡು ಹೋಗಿ ವಿಶ್ರುತ್‌ನ ಹತ್ತಿರ ನಿಂತಳು. ಸರ್, ನೀವು ಬರಬಹುದು.

"ಶಿವನೇ ದಾರಿ ತೋರಿಸಿದ," ಎಂದು ಶಿವಲಿಂಗಮ್ಮ ಕೈಮುಗಿದರು.

"ನೋ, ನೋ. ಟೇಕ್ ಮೈನ್." ವಿಶ್ರುತ್ ಇಳಾಳ ಮುಂದೆ ಮಂಡಿಯೂರಿ ಕೂತು ಲೇಸು ಬಿಚ್ಚತೊಡಗಿದ. ಹಿಮಕ್ಕೆ ನೆಂದ ಗಂಟು ಬೇಗ ಸಡಿಲಲಿಲ್ಲ. ಹಲ್ಲು ಕಚ್ಚಿ ಎಳೆದ. ಒಂದು ಶೂ ಬಂತು. ಇಳಾ ಬಲಗಾಲು ತೂರಿಸಿದಳು. ಅವಳ ಕಾಲಿನ ಎರಡರಷ್ಟು ದೊಡ್ಡದು, ಒಳಗೆ ಬೆಚ್ಚಗಿತ್ತು. ಅವನು ತಲೆ ತಗ್ಗಿಸಿ ಲೇಸನ್ನು ಎರಡು ಸುತ್ತು ಬಿಗಿದ.

ಆಪರೇಟರ್ ಫಲಕದ ಮೇಲಿನ ಶಾಖದ ಅಂಕಿ ನೋಡಿದಳು. ಸಾರಿ, ಡಿಯರ್, ಎಂದಳು. ಗವಸು ತೊಟ್ಟ ಹೆಬ್ಬೆರಳಿನಿಂದ ಗುಂಡಿ ಒತ್ತಿದಳು.

ಕುಲುಮೆ ಗುಂಯ್ ಎಂದಿತು. ಇಳಾ ಒಂದು ಕಾಲನ್ನು ಶೂನಲ್ಲೂ ಇನ್ನೊಂದನ್ನು ಥಂಡಿ ಸಿಮೆಂಟಿನ ಮೇಲೂ ಇಟ್ಟು, ದರ್ಭೆ ತೊಟ್ಟ ಬೆರಳನ್ನು ಮುಂದಕ್ಕೆ ಚಾಚಿಕೊಂಡೇ ನಿಂತಿದ್ದಳು. ವಿಶ್ರುತ್ ಎರಡನೆಯ ಶೂನ ಗಂಟಿನ ಜೊತೆ ಇನ್ನೂ ಗುದ್ದಾಡುತ್ತಿದ್ದ.

"ಒನ್ ಸೆಕೆಂಡ್," ಎಂದ, ತಲೆಯೆತ್ತದೆ. "ಬಂತು, ಬಂತು."