ಪೀಪಿಯ ಹಾಲಿನ ತಾಲೀಮು

ಆ ಮನೆಯಲ್ಲಿ ಬಾಯಿ ಇದ್ದವರೆಲ್ಲ ಏನಾದರೊಂದನ್ನು ಊದುತ್ತಿದ್ದರು. ಮಾವ ಕಹಳೆ, ಗಂಡ ಟ್ರಾಂಬೋನ್, ನಾದಿನಿ ಕ್ಲಾರಿನೆಟ್. ಅತ್ತೆಯ ಪಾಲಿಗೆ ಬಂದದ್ದು ಟ್ಯೂಬಾ. ಸೊಂಟದಿಂದ ಸುತ್ತಿಕೊಂಡು ಬಂದು ತಲೆಯ ಮೇಲೆ ಬಾಯಿ ತೆರೆಯುವ, "ಭೋಂ" ಎನ್ನುವುದನ್ನು ಬಿಟ್ಟರೆ ಬೇರೇನೂ ಹೇಳಲು ಬಾರದ ಹಿತ್ತಾಳೆಯ ಭೂತ. ಅಂಗಡಿ ತೆರೆಯಲಿ, ಶಾಲೆಯಲ್ಲಿ ಓಟದ ಪಂದ್ಯ ನಡೆಯಲಿ, ಯಾರಾದರೂ ಚುನಾವಣೆ ಗೆಲ್ಲಲಿ, ಈ ಮನೆಯವರ ಬ್ಯಾಂಡ್ ಅಲ್ಲಿರುತ್ತಿತ್ತು. ಸೋತವರ ಮನೆಗೂ ಒಮ್ಮೆ ಹೋಗಿ ಊದಿ ಬಂದಿದ್ದರು. ವಿಳಾಸ ತಪ್ಪಿತ್ತು.

ಸೊಸೆಯೊಬ್ಬಳೇ ಊದುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಮಾವ ಕನ್ನಡಕ ಏರಿಸಿ ಅವಳ ತುಟಿ ನೋಡಿ, "ಈ ತುಟಿ ಊದೋದಕ್ಕಲ್ಲ ಕಣಮ್ಮ" ಎಂದು ತೀರ್ಪು ಕೊಟ್ಟು, ಕೈಗೆ ಕೋಲು ಕೊಟ್ಟು ದೊಡ್ಡ ಡ್ರಮ್ಮಿನ ಮುಂದೆ ನಿಲ್ಲಿಸಿದ್ದರು. ಅವಳಿಗೇನೂ ಬೇಜಾರಾಗಲಿಲ್ಲ. ಊದುವವನು ನಿಂತರೆ ಒಬ್ಬ ನಿಂತ ಹಾಗೆ, ಹೊಡೆಯುವವಳು ನಿಂತರೆ ಇಡೀ ಬ್ಯಾಂಡು ಮುಗ್ಗರಿಸುತ್ತದೆ ಎಂಬುದು ಅವಳಿಗೆ ಬೇಗನೆ ತಿಳಿದಿತ್ತು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಜಗತ್ತು ನೋಡಿದೆ. ಇವರು ಕುಲಾವಿಯ ಗೋಜಿಗೆ ಹೋಗದೆ ಗೇಣುದ್ದದ ಕಹಳೆಯನ್ನೇ ಮಾಡಿಸಿ ಗೋಡೆಗೆ ನೇತುಹಾಕಿದ್ದರು. ಹುಟ್ಟಿದ್ದು ಹೆಣ್ಣು ಮಗು. ಅದರ ಅಳುವಿನ ಸ್ವರ ಕೇಳಿ ಮಾವ ಆಸ್ಪತ್ರೆಯಲ್ಲೇ "ಪೀಪಿ" ಎಂದು ಕರೆದುಬಿಟ್ಟರು. ಆದರೆ ಪೀಪಿಯ ಮೈ ಅರಿಸಿನದಂತೆ ಹಳದಿಯಾಯಿತು. ಆಸ್ಪತ್ರೆಯವರು ದೀಪದ ಕೆಳಗೆ ಮಲಗಿಸಿ, ಬಾಟಲಿಯಲ್ಲಿ ಹಾಲು ಕುಡಿಸಿದರು. ಹಳದಿ ಇಳಿಯಿತು, ಬಾಟಲಿಯ ರುಚಿ ಉಳಿಯಿತು.

ಮನೆಗೆ ಬಂದ ಮೇಲೆ ತಾಯಿ ಎದೆಗೆ ಹಿಡಿದರೆ ಪೀಪಿ ಬೆನ್ನು ಬಿಲ್ಲು ಮಾಡಿ, ಮುಷ್ಟಿ ಬಿಗಿದು, ಗದ್ದ ಮೇಲೆತ್ತಿ, ಕೊಲೆ ನಡೆಯುತ್ತಿದೆಯೇನೋ ಎಂಬಂತೆ ಕಿರುಚುತ್ತಿತ್ತು. ಅಳುವ ಮಗುವಿಗೇ ಹಾಲು ಅನ್ನುತ್ತಾರೆ. ಇದು ಹಾಲು ಕಂಡರೆ ಅಳುವ ಮಗು.

ತೂಕ ನೋಡುವ ನರ್ಸ್ ಬಂದು ಸಮಾಧಾನದಿಂದ ಎಲ್ಲ ಹೇಳಿದಳು. "ಬಾಟಲಿ ಬಿಡಿ, ಪುಟ್ಟ ಲೋಟದಲ್ಲಿ ಕುಡಿಸಿ. ಹಾಲು ಹಿಂಡ್ತಾ ಇರಿ, ಇಲ್ಲಾಂದ್ರೆ ಎದೆ ಬತ್ತುತ್ತೆ. ಮಗು ಬಾಯಿ ಅಗಲ ತೆರೆದಾಗ ಹತ್ರ ತನ್ನಿ. ಬಲವಂತ ಬೇಡ. ಮೈಗೆ ಮೈ ತಾಗಿಸಿ ಮಲಗಿಸ್ಕೊಳ್ಳಿ. ದಿನಾ ಸ್ವಲ್ಪ ಅಭ್ಯಾಸ ಆಗ್ಲಿ."

ಇಷ್ಟು ಮಾತಿನಲ್ಲಿ ಮಾವನ ಕಿವಿ ಹಿಡಿದುಕೊಂಡದ್ದು ಎರಡೇ: ಬಾಯಿ ಅಗಲ ತೆರೆಯಬೇಕು, ಮತ್ತು ಅಭ್ಯಾಸ.

"ಅಭ್ಯಾಸಾನಾ? ಅದನ್ನ ನನಗೆ ಬಿಡಿ ಸಿಸ್ಟರ್" ಎಂದರು. "ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ?"

ಮರುದಿನದಿಂದ ತಾಲೀಮು ಶುರುವಾಯಿತು. ನಡುಮನೆಯಲ್ಲಿ ಕುರ್ಚಿಗಳನ್ನು ಅರ್ಧಚಂದ್ರಾಕಾರವಾಗಿ ಜೋಡಿಸಿದರು. ನಡುವಿನ ಕುರ್ಚಿಯಲ್ಲಿ ಸೊಸೆ, ಮಡಿಲಲ್ಲಿ ಪೀಪಿ. ಮಾವ ಸಮವಸ್ತ್ರದ ಟೋಪಿ ಹಾಕಿಕೊಂಡು ಹಿಂದೆ ನಿಂತರು. ಟೋಪಿ ಯಾಕೆ ಎಂದು ಯಾರೂ ಕೇಳಲಿಲ್ಲ. ಟೋಪಿಯಿಲ್ಲದೆ ಆ ಮನುಷ್ಯ ಯಾರಿಗೂ ಏನನ್ನೂ ಕಲಿಸಿದವರಲ್ಲ.

ವಿಧಾನ ಸರಳವಾಗಿತ್ತು. ಮಾವ ಕಣ್ಸನ್ನೆ ಮಾಡಿದೊಡನೆ ಅತ್ತೆ ಟ್ಯೂಬಾದಲ್ಲಿ "ಭೋಂ" ಎನ್ನಬೇಕು. ಬೆಚ್ಚಿಬಿದ್ದ ಮಗು ಬಾಯಿ ಅಗಲ ತೆರೆಯುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಮಾವ ತಮ್ಮ ಅಂಗೈಯನ್ನು ಅದರ ಕುತ್ತಿಗೆಯ ಹಿಂದಿಟ್ಟು ಎದೆಯ ಕಡೆ ಒತ್ತುತ್ತಾರೆ. ಆ ಮನೆಯ ವಿದ್ಯೆಯೆಲ್ಲ ಬಂದದ್ದೇ ಆ ಅಂಗೈಯಿಂದ. ಮಾವನ ಗುರು ಮಾವನಿಗೆ ಹಾಗೇ ಕಲಿಸಿದ್ದ. ಹೊಸದಾಗಿ ಊದುವವನ ಕುತ್ತಿಗೆ ಹಿಡಿದು ವಾದ್ಯದ ಬಾಯಿಗೆ ಒತ್ತಿ, ಸ್ವರ ಬರುವ ತನಕ ಬಿಡುತ್ತಿರಲಿಲ್ಲ. ಮಗನಿಗೆ, ಮಗಳಿಗೆ, ಕಟ್ಟಿಕೊಂಡ ಹೆಂಡತಿಗೆ ಎಲ್ಲರಿಗೂ ಅದೇ ಅಂಗೈ.

ಭೋಂ ಬಂತು. ಬಾಯಿ ತೆರೆಯಿತು. ಅಂಗೈ ಒತ್ತಿತು. ಪೀಪಿ ಕಿರುಚಿದ ರಭಸಕ್ಕೆ ನಾದಿನಿಯ ಕ್ಲಾರಿನೆಟ್ ತಾನಾಗಿಯೇ ಕೀರಲು ದನಿ ಹೊರಡಿಸಿತು ಎಂದು ಅವಳು ಇವತ್ತಿಗೂ ಆಣೆ ಮಾಡಿ ಹೇಳುತ್ತಾಳೆ.

"ಅತ್ತೆ, ಒಂದು ಕ್ಷಣ ತಡ ಆಯ್ತು" ಎಂದಳು ಸೊಸೆ. ಅವಳಿಗೂ ಆಗ ಅದು ತಾಳದ ಸಮಸ್ಯೆ ಅಂತಲೇ ಅನ್ನಿಸಿತ್ತು. ಹುಚ್ಚರ ಸಂತೆಯಲ್ಲಿ ಕೆಲವು ದಿನ ಇದ್ದರೆ ಬೆಲೆ ಕೇಳುವುದು ಅಭ್ಯಾಸವಾಗುತ್ತದೆ.

ಸುದ್ದಿ ಬೀದಿಗೆ ಹರಡಿತು. ಪಕ್ಕದ ಮನೆಯ ಟೈಲರ್ ತನ್ನದೇ ಸ್ಟೂಲ್ ತಂದುಕೊಂಡು ಬಾಗಿಲಾಚೆ ಕೂತು, ತಾಯಿ ಕಾಣದಂತೆ ಮರ್ಯಾದೆಯಿಂದ ಗೋಡೆಯ ಕಡೆ ಮುಖ ಮಾಡಿ ಕೇಳಿಸಿಕೊಳ್ಳತೊಡಗಿದ. ಅಂಚೆಯವನು ಕಾಗದವಿಲ್ಲದ ದಿನವೂ ಬಂದು, "ಹಿಡೀತಾ?" ಎಂದು ಕೇಳಿ ಹೋಗುತ್ತಿದ್ದ. ಹಿಡಿಯಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಬಾಯಿಯ ತನಕ ಬಂದದ್ದೂ ಒಳಗೆ ಹೋಗಲಿಲ್ಲ.

ತಾಲೀಮು ಮುಗಿದ ಮೇಲೆ ಸೊಸೆ ಬಚ್ಚಲಲ್ಲಿ ಕೂತು ಬಟ್ಟಲಿಗೆ ಹಾಲು ಹಿಂಡುತ್ತಿದ್ದಳು. ಮೊದಮೊದಲು ಬಟ್ಟಲು ತುಂಬುತ್ತಿತ್ತು. ಈಗ ತಳ ಮುಚ್ಚಿದರೆ ಹೆಚ್ಚು. ಆ ಹಾಲನ್ನು ಪುಟ್ಟ ಲೋಟದಲ್ಲಿ ಹಿಡಿದರೆ ಪೀಪಿ ಬೆಕ್ಕಿನ ಮರಿಯ ಹಾಗೆ ನೆಕ್ಕಿ ಕುಡಿಯುತ್ತಿತ್ತು. ಹಾಲು ಬೇಕು, ತಾನು ಬೇಡ. ಲೋಟ ಆದೀತು, ಬಾಟಲಿ ಆದೀತು, ಅಮ್ಮ ಮಾತ್ರ ಆಗದು. ಹಾಲು ಪೂರ್ತಿ ಬತ್ತಿಹೋದರೆ ಮಗುವನ್ನು ಮತ್ತೆ ಎದೆಗೆ ಕರೆಯಲು ತನ್ನ ಬಳಿ ಏನೂ ಉಳಿಯುವುದಿಲ್ಲ ಎಂಬ ಭಯ ಅವಳಿಗೆ. ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅಳುತ್ತಿದ್ದಳು.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಹೊಸ ಚಪ್ಪಲಿ ಅಂಗಡಿ ತೆರೆಯುವ ದಿನ ಹತ್ತಿರ ಬಂತು. ಬ್ಯಾಂಡಿನ ಟೋಪಿ ಹಾಕಿ ನೋಡಿದರೆ ಗಂಡನ ತಲೆಗೆ ಕೂರಲೊಲ್ಲದು. ಕೂದಲು ಅಷ್ಟು ಬೆಳೆದಿತ್ತು. ಅವನು ಕ್ಷೌರಕ್ಕೆ ಹೋಗುವವನೇ ಅಲ್ಲ, ಹಬ್ಬಿದ ಮೇಲೆ ತಾನೇ ಕತ್ತರಿ ಆಡಿಸಿಕೊಳ್ಳುತ್ತಿದ್ದ. ಮಾವ ಕ್ಷೌರಿಕನನ್ನು ಮನೆಗೇ ಕರೆಸಿ, ಮಗನನ್ನು ತಾಲೀಮಿನ ಕುರ್ಚಿಯಲ್ಲೇ ಕೂರಿಸಿದರು.

ಒಂದು ಪಕ್ಕ ಸಲೀಸಾಗಿ ಆಯಿತು. ಆಮೇಲೆ ಕ್ಷೌರಿಕ, "ಸ್ವಲ್ಪ ತಲೆ ಬಗ್ಗಿಸಿ ಸಾರ್" ಎಂದು ಅವನ ಕುತ್ತಿಗೆಯ ಹಿಂದೆ ಅಂಗೈ ಇಟ್ಟ.

ಮೀಸೆ ಹೊತ್ತ ಗಂಡಸು ಬೆನ್ನು ಬಿಲ್ಲು ಮಾಡಿದ. ಮುಷ್ಟಿ ಬಿಗಿದ. ಗದ್ದ ಮೇಲೆತ್ತಿ, ಕುರ್ಚಿಯಿಂದ ಜಾರಿ, ನೆಲದ ಮೇಲೆ ಕೂತು ಏದುಸಿರು ಬಿಟ್ಟ.

ಸೊಸೆ ಮಡಿಲಲ್ಲಿದ್ದ ಮಗುವನ್ನು ನೋಡಿದಳು. ನೆಲದ ಮೇಲಿದ್ದ ಗಂಡನನ್ನು ನೋಡಿದಳು. ಮತ್ತೆ ಮಗುವನ್ನು ನೋಡಿದಳು.

"ರೀ, ಏನಾಯ್ತು ನಿಮಗೆ?"

"ಕುತ್ತಿಗೆ ಹಿಂದೆ ಕೈ ಇಟ್ರೆ ನಂಗಾಗಲ್ಲ ಕಣೇ" ಎಂದ ಅವನು ನಾಚಿಕೊಂಡು. "ಚಿಕ್ಕಂದಿನಿಂದಾನೂ ಹೀಗೇ. ಉಸಿರು ಕಟ್ಟಿದ ಹಾಗಾಗುತ್ತೆ."

ಕ್ಷೌರಿಕ ಕತ್ತರಿ ಹಿಡಿದುಕೊಂಡು ಹಾಗೇ ನಿಂತಿದ್ದ. ಸೊಸೆ ಎದ್ದು ನಿಂತಳು. "ಮಾವ, ಇನ್ಮೇಲೆ ತಾಲೀಮು ಇಲ್ಲ."

"ಹುಚ್ಚೇನಮ್ಮ? ತಾಲೀಮು ಇಲ್ದೆ ಯಾರಾದ್ರೂ ಕಲೀತಾರಾ?"

"ಅವಳಿಗೆ ಹಸಿವಾಗೋದನ್ನ ಯಾರೂ ಕಲಿಸಿಲ್ಲ, ಕುಡಿಯೋದನ್ನೂ ಕಲಿಸೋದು ಬೇಡ. ಮೊದಲು ಬಾಟಲಿ ರುಚಿ ಅಷ್ಟೇ ಅಡ್ಡ ಇತ್ತು, ಈಗ ನಿಮ್ಮ ಕೈ ಕಂಡ್ರೆ ಅವಳಿಗೆ ಭಯ. ಆ ಭಯಕ್ಕೆ ನನ್ನನ್ನೂ ಸೇರಿಸ್ಕೊಂಡುಬಿಟ್ಟಿದಾಳೆ. ನಿಮ್ಮ ಕೈ ನಮ್ಮಿಬ್ಬರ ಮಧ್ಯೆ ಬೇಡ."

ಮಾವ ಟೋಪಿ ತೆಗೆದರು. ಆ ಮನೆಯಲ್ಲಿ ಅದು ಭೂಕಂಪಕ್ಕೆ ಸಮ. "ಈ ಊರಲ್ಲಿ ಊದೋರೆಲ್ಲ ಈ ಕೈಯಿಂದಾನೇ ಕಲ್ತಿದ್ದು" ಎಂದರು ಸಣ್ಣ ದನಿಯಲ್ಲಿ.

"ಹೌದು, ನಾನೂ ಕಲ್ತೆ" ಎಂದು ಅತ್ತೆ ಟ್ಯೂಬಾದ ಒಳಗಿನಿಂದಲೇ ಮಾತಾಡಿದರು. "ಇಷ್ಟು ವರ್ಷ ಆಯ್ತು, ಇವತ್ತಿಗೂ ಇದರ ಬಾಯಿ ಹತ್ರ ಹೋದ್ರೆ ನಂಗೆ ವಾಕರಿಕೆ ಬರುತ್ತೆ. ಹೇಳಿದ್ರೆ ಬೇಜಾರು ಮಾಡ್ಕೋತೀರ ಅಂತ ಭೋಂ ಅಂತಿದ್ದೆ."

ಕ್ಷೌರಿಕ ತನಗೆ ಬೇರೆ ಕೆಲಸವಿದೆ ಎಂದು ಹೊರಟುಹೋದ. ಗಂಡ ಒಂದು ಪಕ್ಕ ಕತ್ತರಿಸಿದ, ಒಂದು ಪಕ್ಕ ಬೆಳೆದ ತಲೆಯಲ್ಲೇ ಉಳಿದ.

ಸೊಸೆ ವಾದ್ಯಗಳನ್ನಿಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗಿನ ಸದ್ದು ಅಷ್ಟಾಗಿ ಒಳಬಾರದ, ಪಾಲಿಶಿನ ವಾಸನೆಯ ಕೋಣೆ ಅದು. ಮಡಿಸಿಟ್ಟ ಡ್ರಮ್ಮಿನ ಹೊದಿಕೆಗಳ ರಾಶಿಗೆ ಒರಗಿ ಅರ್ಧ ಮಲಗಿ, ಬರೀ ಮೈಯ ಮಗುವನ್ನು ಬರೀ ಎದೆಯ ಮೇಲೆ ಕವುಚಿ ಹಾಕಿಕೊಂಡು, ಮೇಲೊಂದು ಹಳೆಯ ಸೀರೆ ಹೊದ್ದಳು. ಕುಡಿ ಎನ್ನಲಿಲ್ಲ, ಹಿಡಿ ಎನ್ನಲಿಲ್ಲ. ಹಸಿವಾದಾಗ ಲೋಟದಲ್ಲಿ ಕುಡಿಸಿದಳು, ನಿದ್ದೆ ಬಂದಾಗ ಎದೆಯ ಮೇಲೇ ಮಲಗಿಸಿಕೊಂಡಳು. ದಿನವೂ ಅಷ್ಟೇ. ಮೊದಲು ಕಿರುಚಾಟ ನಿಂತಿತು. ಆಮೇಲೆ ಮುಷ್ಟಿ ಸಡಿಲವಾಯಿತು. ಪೀಪಿ ಅಮ್ಮನ ಎದೆಬಡಿತಕ್ಕೆ ಕಿವಿಯಿಟ್ಟು ಮಲಗುತ್ತಿತ್ತು. ಬಾಯಿ ಮಾತ್ರ ಹಾಕಲಿಲ್ಲ.

ಹೊರಗಿನವರ ಪಾಡು ನಾಯಿಗೂ ಬೇಡ. ಸಹಾಯ ಮಾಡದೆ ಇರುವುದನ್ನು ಆ ಮನೆಯಲ್ಲಿ ಯಾರೂ ಕಲಿತಿರಲಿಲ್ಲ. ನಾದಿನಿ ಬಾಗಿಲ ಸಂದಿಯಲ್ಲಿ, "ಅತ್ತಿಗೆ, ಮೆತ್ತಗೆ ಒಂದೇ ಒಂದು ಸ್ವರ?" ಎಂದು ಕೇಳಿ ಬೈಸಿಕೊಂಡಳು. ಮಾವನಿಗೆ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಜೇಬಿನಲ್ಲಿಟ್ಟರೂ ಹೊರಬರುತ್ತಿದ್ದವು. ಕೊನೆಗೆ ಕೋಣೆಯ ಹೊರಗೆ ಬೆಂಚು ಹಾಕಿಸಿಕೊಂಡು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿ, ಅವುಗಳ ಮೇಲೇ ಕೂತರು. ಊಟವನ್ನೂ ಅತ್ತೆ ತಿನ್ನಿಸಬೇಕಾಯಿತು. "ಮಗೂನೇ ವಾಸಿ, ಲೋಟ ಹಿಡಿದ್ರೆ ಕುಡಿಯುತ್ತೆ" ಎಂದು ಗೊಣಗುತ್ತಲೇ ಅವರು ತಿನ್ನಿಸಿದರು.

ಚಪ್ಪಲಿ ಅಂಗಡಿಯ ದಿನ ಬಂದೇ ಬಂತು. ಎಲ್ಲರೂ ಕೆಂಪು ಕೋಟು ತೊಟ್ಟು ನಡುಮನೆಯಲ್ಲಿ ನಿಂತಿದ್ದರು. ಗಂಡನ ಟೋಪಿ ಒಂದು ಕಡೆ ಕಿವಿಯವರೆಗೆ ಇಳಿದು, ಇನ್ನೊಂದು ಕಡೆ ಗಾಳಿಯಲ್ಲಿ ನಿಂತಿತ್ತು. ಮಾವ ಮಾತ್ರ ಬೆಂಚಿನಿಂದ ಏಳಲಿಲ್ಲ.

ಒಳಗೆ ಸೊಸೆ ಅಂದು ಬೆಳಿಗ್ಗೆ ಹಿಂಡಿದ ಹಾಲು ಬಟ್ಟಲಿನ ತಳವನ್ನೂ ಮುಚ್ಚಿರಲಿಲ್ಲ. ಇನ್ನು ಹೆಚ್ಚು ದಿನವಿಲ್ಲ ಎಂದು ಅವಳಿಗೆ ಗೊತ್ತಾಗಿತ್ತು. ಅವಳು ಕಣ್ಣು ಮುಚ್ಚಿದ್ದಾಗ ಎದೆಯ ಮೇಲಿನ ಭಾರ ಅಲುಗಿತು. ಅರೆನಿದ್ದೆಯ ಪೀಪಿ ತಲೆಯೆತ್ತಿ, ಧೊಪ್ಪನೆ ಬಿಟ್ಟಿತು. ಮತ್ತೆ ಎತ್ತಿತು. ಕಾಲಿನಿಂದ ಒದ್ದುಕೊಂಡು ಒಂದು ಬೆರಳಿನಷ್ಟು ಜಾರಿತು. ಅಮ್ಮನ ಹೆಗಲ ಎಲುಬನ್ನು ನೆಕ್ಕಿ ನೋಡಿ, ಇದಲ್ಲ ಎಂದು ಗುರುಗುಟ್ಟಿತು. ಇನ್ನಷ್ಟು ಕೆಳಗೆ ಜಾರಿ ಕೆನ್ನೆಯಿಂದ ಮೊಲೆಯನ್ನು ಒರಸಿ, ದಾಟಿ, ಮುಂದೆ ಹೋಗಿಬಿಟ್ಟಿತು.

ಸೊಸೆಯ ಕೈ ತಾನಾಗಿಯೇ ಮೇಲೆದ್ದು ಮಗುವಿನ ಕುತ್ತಿಗೆಯ ಹಿಂದೆ ಹೋಗಿತ್ತು. ಇಷ್ಟೇ ಇಷ್ಟು ತಿರುಗಿಸಿದರೆ ಸಾಕಿತ್ತು. ಅವಳು ಆ ಕೈಯನ್ನು ನೋಡಿ ಹೆದರಿದಳು. ಅದು ಮಾವನ ಕೈಯ ಹಾಗೇ ಅಗಲವಾಗಿ ತೆರೆದು ನಿಂತಿತ್ತು. ಮೆಲ್ಲನೆ ಹಿಂದಕ್ಕೆಳೆದು ಸೊಂಟದ ಕೆಳಗೆ ಸೇರಿಸಿ ಅದುಮಿಕೊಂಡಳು.

ಪೀಪಿ ತಾನೇ ಹಿಂದಿರುಗಿತು. ಗದ್ದ ತಾಗಿತು, ಮೂಗು ತಾಗಿತು. ಯಾವ ಭೋಂ ಇಲ್ಲದೆ ಬಾಯಿ ಅಗಲವಾಗಿ ತೆರೆಯಿತು, ಮತ್ತು ಮುಚ್ಚಿತು. ಒಂದು ಎಳೆತಕ್ಕೆ ಅವಳ ಬೆನ್ನಿನ ತನಕ ಜುಮ್ಮೆಂದಿತು. ಇನ್ನೊಂದು ಪಕ್ಕದ ಎದೆ, ಬತ್ತಿತೆಂದುಕೊಂಡದ್ದು, ತಾನೇ ತೊಟ್ಟಿಕ್ಕಿ ಸೀರೆ ಒದ್ದೆಯಾಯಿತು.

ಹೊರಗೆ ಯಾರನ್ನೂ ಕೂಗುವಂತಿಲ್ಲ. ಕೂಗಿದರೆ ಬಿಟ್ಟುಬಿಟ್ಟೀತು. ಅಷ್ಟರಲ್ಲೇ ಬೀದಿಬಾಗಿಲಲ್ಲಿ ದಡದಡ ಸದ್ದಾಯಿತು. ಚಪ್ಪಲಿ ಅಂಗಡಿಯ ಯಜಮಾನನ ದನಿ ಮನೆಯನ್ನೆಲ್ಲ ತುಂಬಿತು. "ಏನ್ ಮೇಷ್ಟ್ರೇ ಇದು! ಜನ ಸೇರಿದಾರೆ, ರಿಬ್ಬನ್ನು ಕಟ್ಟಿ ಆಗಿದೆ, ನೀವು ನೋಡಿದ್ರೆ ಇಲ್ಲಿ ಬಾಗಿಲಿಗೆ ಕಿವಿ ಇಟ್ಕೊಂಡು ಕೂತಿದೀರಾ?"

"ಶ್!" ಎಂದರು ಮಾವ. ಬಾಗಿಲಿಗೆ ಅಷ್ಟು ಹತ್ತಿರವಿದ್ದ ಕಾರಣ ಅವರ ಪಿಸುಮಾತು ಸೊಸೆಗೆ ಸ್ಪಷ್ಟವಾಗಿ ಕೇಳಿಸಿತು. "ಎರಡು ಎಳೆತ, ಒಂದು ಗುಟುಕು. ಎರಡು ಎಳೆತ, ಒಂದು ಗುಟುಕು. ಎಲ್ಲೂ ತಪ್ತಾ ಇಲ್ಲ ಕಣ್ರೀ."

"ಯಾರ್ರೀ ಅದು?"

"ನನ್ನ ಮೊಮ್ಮಗಳು."

"ಓಹೋ, ಅವಳಿಗೂ ಅಷ್ಟು ಚೆನ್ನಾಗಿ ಕಲಿಸಿದೀರಾ? ಸರಿ, ಅವಳನ್ನೂ ಕರ್ಕೊಂಡು ಬನ್ನಿ, ಹೊರಡಿ ಹೊರಡಿ!"



"ನಾನು ಕಲಿಸ್ಲಿಲ್ಲ" ಎಂದರು ಮಾವ. "ನಿಮ್ಮ ಅಂಗಡೀನ ನಾಳೆ ತೆರೀರಿ. ಇವತ್ತು ಈ ಬೀದೀಲಿ ಯಾರೂ ಸದ್ದು ಮಾಡೋ ಹಾಗಿಲ್ಲ."

ಯಜಮಾನ ಏನೋ ಹೇಳಲು ಹೋದ. ಅವನನ್ನು ಯಾರೋ, ಬಹುಶಃ ಟ್ಯೂಬಾ ಸಮೇತ ಅತ್ತೆಯೇ, ಬಾಗಿಲಾಚೆಗೆ ಸಾಗಹಾಕಿದ ಸದ್ದು ಕೇಳಿತು. ಆಮೇಲೆ ಇಡೀ ಮನೆ ಉಸಿರು ಹಿಡಿದುಕೊಂಡಿತು.

ಒಳಗೆ ಸೊಸೆ ತನ್ನ ಮಗಳನ್ನು ನೋಡುತ್ತಿದ್ದಳು. ಅದರ ಕಣ್ಣು ತೆರೆದಿತ್ತು, ಅವಳನ್ನೇ ನೋಡುತ್ತಿತ್ತು. ಲೋಟವನ್ನು ಎಂದೂ ಹಾಗೆ ನೋಡಿರಲಿಲ್ಲ. ಅವಳಿಗೆ ಅಳು ಒತ್ತಿಕೊಂಡು ಬಂತು. ಎದೆ ಅಲುಗಿದರೆ ಮಗು ಬಿಟ್ಟೀತೆಂದು ಬಿಕ್ಕದೆ, ಉಸಿರನ್ನು ಬಿಗಿಹಿಡಿದು, ಬರೀ ಕಣ್ಣಿನಿಂದ ಅತ್ತಳು.