ಮೇಸ್ತ್ರಿಯ ಗೋಡೆ ವಾಲಿದ್ದು ಯಾಕೆ?

ಬೇರೆಯವರ ಗೋಡೆ ವಾಲಿದ್ದರೆ, ಮೇಸ್ತ್ರಿ ಸಿಮೆಂಟ್ ನುಂಗಿದ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಆದರೆ ವಾಲಿದ್ದು ಮೇಸ್ತ್ರಿಯದೇ ಸೈಟಿನ ಕಾಂಪೌಂಡು, ಕಟ್ಟಿ ಒಂದು ವರ್ಷವೂ ಆಗಿರಲಿಲ್ಲ. ತನ್ನ ಗೋಡೆಯ ಸಿಮೆಂಟನ್ನು ತಾನೇ ಯಾರಾದರೂ ಕದಿಯುತ್ತಾರೆಯೇ? ನೋಡಲು ಬಂದವರು ತಲೆ ಕೆರೆದುಕೊಂಡು ಹೋದರು.

"ಮಳೆ ಜಾಸ್ತಿ ಆಯ್ತು, ಅಷ್ಟೇ. ಮುಂದಿನ ವಾರ ಮನೆಗೆ ಪಾಯ ತೆಗೆಯೋದೇ," ಎಂದ ಮೇಸ್ತ್ರಿ.

"ಮಳೆ ಇಡೀ ಊರಿಗೆ ಬಂತಲ್ರೀ. ನಮ್ಮ ಗೋಡೆ ಮೇಲೆ ಮಾತ್ರ ಯಾಕೆ ಸಿಟ್ಟು?" ಎಂದಳು ಹೆಂಡತಿ.

ಅವಳು ಟೈಲರು. ಹದಿನೆಂಟು ವರ್ಷದಿಂದ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ತುಳಿಯುತ್ತಿದ್ದಳು. ಸ್ವಂತ ಮನೆಯ ಆಸೆ ಗಂಡನಿಗಿಂತ ಅವಳಿಗೇ ಹೆಚ್ಚು. ಆದರೆ 'ಯಾಕೆ' ಎಂಬ ಪ್ರಶ್ನೆ ಒಮ್ಮೆ ತಲೆ ಹೊಕ್ಕರೆ ಉತ್ತರ ಸಿಗುವ ತನಕ ಅವಳಿಗೆ ಊಟ ಸೇರುತ್ತಿರಲಿಲ್ಲ.

ಅದೇ ದಿನ ಜಾಕೆಟ್ಟಿಗೆ ಜಿಪ್ ಹಾಕಿಸಲು ಊರ ಕಚೇರಿಯ ಸರ್ವೇಯರಮ್ಮ ಬಂದರು. ಟೈಲರಮ್ಮ ಅವರನ್ನು ಕೂರಿಸಿ ಗೋಡೆಯ ಕಥೆ ಹೇಳಿದಳು.

"ಆ ಜಾಗದಲ್ಲಿ ಮೊದಲು ಏನಿತ್ತು ಅಕ್ಕಾ?"

"ನಾವು ಕೊಂಡಾಗ ಬಯಲು. ನೋಡಿ, ಈ ಟೇಬಲ್ ಥರ ಸಮ ಇತ್ತು."

"ಅದಕ್ಕೂ ಮೊದಲು?"

ಟೈಲರಮ್ಮ ಕೈಲಿದ್ದ ಜಿಪ್ ಕೆಳಗಿಟ್ಟಳು. ಅದನ್ನು ಅವಳು ಕೇಳಿಯೇ ಇರಲಿಲ್ಲ.

"ಕಚೇರಿ ಗೋಡೆ ಮೇಲೆ ಹೊಸ ಕಟ್ಟಡ ನಿಯಮದ ಕರಡು, ನಕ್ಷೆ ಅಂಟಿಸಿದ್ದೀವಿ," ಎಂದರು ಸರ್ವೇಯರಮ್ಮ. "ಹಸಿರು ಬಳಿದಿದ್ದು ಸೂಕ್ಷ್ಮ ಜಾಗ. ಹಳ್ಳದ ದಂಡೆ, ಜೌಗು ನೆಲ, ಹಕ್ಕಿ ಗೂಡು ಕಟ್ಟೋ ಹುಲ್ಲುಗಾವಲು. ಅಲ್ಲಿ ಕಟ್ಟಿದ್ರೆ ನಮ್ಮಿಂದ ಜಾಗಕ್ಕೆ ಪೆಟ್ಟು. ಕೆಂಪು ಬಳಿದಿದ್ದು ಅಪಾಯದ ಜಾಗ. ನೀರು ನುಗ್ಗೋ ತಗ್ಗು, ಕುಸಿಯೋ ಇಳಿಜಾರು. ಅಲ್ಲಿ ಕಟ್ಟಿದ್ರೆ ಜಾಗದಿಂದ ನಮಗೆ ಪೆಟ್ಟು."

"ನಮ್ಮದು ಯಾವ ಬಣ್ಣ?"

"ಬಿಳಿ."

"ಕೇಳಿಸ್ಕೊಂಡ್ಯಾ? ಬಿಳಿ ಅಂದ್ರೆ ಗಟ್ಟಿ ನೆಲ!" ಒಳಗಿನಿಂದ ಮೇಸ್ತ್ರಿ ಕೂಗಿದ.

"ಹಂಗಲ್ಲ ಅಣ್ಣಾ. ಬಿಳಿ ಅಂದ್ರೆ ಆ ಜಾಗದ ಬಗ್ಗೆ ನಮಗೆ ಯಾರೂ ಏನೂ ಹೇಳಿಲ್ಲ ಅಂತ. ಅದಕ್ಕೇ ತಿಂಗಳ ಕೊನೆಗೆ ಸಭೆ ಕರೆದಿದ್ದೀವಿ."

ಅವರು ಹೋದದ್ದೇ ತಡ, ಟೈಲರಮ್ಮ ಗಂಡನ ಬೆನ್ನು ಹತ್ತಿದಳು. "ಹೊಸ ಬಟ್ಟೆ ನೀರಲ್ಲಿ ನೆನೆಸಿ ನೋಡದೆ ನಾನು ಕತ್ತರಿ ಇಡಲ್ಲ. ನೀವು ಒಳಗೆ ಏನಿದೆ ಅಂತ ನೋಡದೆ ಪಾಯ ಇಡ್ತೀರಾ?"

"ನನಗೇ ಮಣ್ಣಿನ ಪಾಠ ಹೇಳ್ತೀಯಲ್ಲೇ!" ಎಂದು ಗೊಣಗುತ್ತಲೇ ಮೇಸ್ತ್ರಿ ಹಾರೆ, ಗುದ್ದಲಿ ತೆಗೆದುಕೊಂಡ.

ಸೈಟಿನಲ್ಲಿ ಅಗೆದಾಗ ಮೊದಲ ಎರಡಡಿ ಒಳ್ಳೆಯ ಕೆಂಪು ಮಣ್ಣು. ಮೇಸ್ತ್ರಿ ಮೀಸೆಯಡಿ ನಕ್ಕ. ಮೂರನೆಯ ಅಡಿಗೆ ಬಾಟಲಿ, ಚಪ್ಪಲಿ, ಪ್ಲಾಸ್ಟಿಕ್ ಚೀಲ ಬಂದವು. ಎದೆಯಾಳಕ್ಕೆ ಇಳಿದಾಗ ಗುದ್ದಲಿಗೆ ನೀಲಿ ಬಟ್ಟೆಯ ಚೂರೊಂದು ಸಿಕ್ಕಿಕೊಂಡಿತು.

ಟೈಲರಮ್ಮ ಅದನ್ನು ಕೊಡವಿ ನೋಡಿದಳು. ಶಾಲೆಯ ಸಮವಸ್ತ್ರದ ಬಟ್ಟೆ. ಅಂಚಿನಲ್ಲಿ ಅವಳದೇ ಹಲ್ಲು ಕತ್ತರಿಯ ಅಂಕುಡೊಂಕು ಗುರುತು. ಪ್ರತಿ ವಾರ ಚೂರುಬಟ್ಟೆಯ ಮೂಟೆಯನ್ನು ಕಸದ ಗಾಡಿಗೆ ಹಾಕುತ್ತಿದ್ದಳು, ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಗಂಡನ ಕೈಯಲ್ಲಿ ಹಸಿರು ಟೈಲ್ಸಿನ ತುಂಡಿತ್ತು.

"ಹಳೇ ಟಾಕೀಸು ಕೆಡವಿದಾಗ ನಾನೇ ಕಿತ್ತಿದ್ದು ಕಣೇ. ಟ್ರ್ಯಾಕ್ಟರಿಗೆ ತುಂಬಿ ಕಳಿಸಿದ್ದೆ."

ಇಬ್ಬರಿಗೂ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಾವುದೋ ಗುಂಡಿಯನ್ನು ವರ್ಷಗಟ್ಟಲೆ ತಾವೇ ತುಂಬಿ, ಆಮೇಲೆ ಅದನ್ನೇ ಸೈಟು ಎಂದು ಕೊಂಡಿದ್ದರು.

"ಮುಚ್ಚಿಬಿಡೋಣ," ಎಂದ ಮೇಸ್ತ್ರಿ ಮೆಲ್ಲಗೆ. "ನಕ್ಷೇಲಿ ಬಿಳಿ ಇದೆ. ಬಣ್ಣ ಬದಲಾಗೋ ಮುಂಚೆ ಯಾರಿಗಾದ್ರೂ ಮಾರೋಣ."

ಒಂದು ಕ್ಷಣ ಅವಳಿಗೂ ಅದೇ ಸರಿ ಎನಿಸಿತು. ಆಮೇಲೆ ವಾಲಿದ ಗೋಡೆಯ ಕಡೆ ನೋಡಿದಳು.

"ಆ 'ಯಾರಿಗಾದ್ರೂ' ಅನ್ನೋರಿಗೆ ಮಕ್ಕಳಿರಲ್ವೇನ್ರೀ? ಅವರ ಮನೆ ವಾಲಿದ ದಿನ ನಮಗೆ ನಿದ್ದೆ ಬರುತ್ತಾ?"

ಮೇಸ್ತ್ರಿ ತಲೆ ತಗ್ಗಿಸಿ ಗುಂಡಿಯಿಂದ ಮೇಲೆ ಬಂದ.

ಮರುದಿನ ಇಬ್ಬರೂ ಕಚೇರಿಗೆ ಹೋಗಿ ವಿಷಯ ಹೇಳಿದಾಗ ಸರ್ವೇಯರಮ್ಮ ಹಳೆಯ ನಕ್ಷೆ ಹುಡುಕಿ ಬೆರಳಿಟ್ಟರು. ಅಲ್ಲಿ 'ಇಟ್ಟಿಗೆ ಮಣ್ಣಿನ ಗುಂಡಿ' ಎಂದಿತ್ತು. "ಒಳಗಿನ ಕಸ ಕೊಳೆತಷ್ಟೂ ನೆಲ ಇಳಿಯುತ್ತೆ," ಎಂದರು.

"ಸಭೇಲಿ ಹೇಳಿದ್ರೆ ಸೈಟು ಕೈಬಿಟ್ಟು ಹೋಗುತ್ತಾ?"

"ಇಲ್ಲ ಅಕ್ಕಾ, ಅದು ನಿಮ್ಮದೇ. ಕೆಂಪು ಅಂದ್ರೆ ಮೊದಲು ಮಣ್ಣು ಪರೀಕ್ಷೆ ಅಂತ. ಮನೆ ಕಟ್ಟಬಹುದಾ, ಎಷ್ಟು ಆಳಕ್ಕೆ ಪಾಯ ಬೇಕು, ಪರೀಕ್ಷೆ ಹೇಳುತ್ತೆ. ಬೇಡ ಅಂದ್ರೂ ಅನ್ನಬಹುದು, ಸುಳ್ಳು ಹೇಳಲ್ಲ ನಾನು."

ಸಭೆಯಲ್ಲಿ ಮೇಸ್ತ್ರಿ ನೀಲಿ ಚೂರನ್ನು ಹಿಡಿದು ಎದ್ದು ನಿಂತ. "ಅಪಾಯದ ಜಾಗ ಅಂದ್ರೆ ಯಾವುದು ಅಂತ ಬರೆದಿದ್ದೀರಲ್ಲ, ಅಲ್ಲಿ ಒಂದು ಸಾಲು ಸೇರಿಸಿ. ಗುಂಡಿ ತುಂಬಿ ಸಮ ಮಾಡಿದ ಜಾಗ. ಹೆಂಗೆ ಗೊತ್ತು ಅಂದ್ರೆ, ತುಂಬಿದ್ದು ನಾವೇ."

ಆ ಸಾಲು ಸೇರಿತು. ತನ್ನ ಸೈಟಿಗೆ ಕೆಂಪು ಬಿದ್ದುದನ್ನು ಕಂಡು ಟೈಲರಮ್ಮನ ಕಣ್ಣು ತುಂಬಿತು, ನಿಜ. ಆದರೆ ಮರುದಿನ ಕಸದ ಗಾಡಿ ಬಂದಾಗ ಮೂಟೆಯನ್ನು ಕೈಯಲ್ಲೇ ಹಿಡಿದು ಕೇಳಿದಳು: "ಇದು ಎಲ್ಲಿಗೆ ಹೋಗುತ್ತಪ್ಪಾ?"

ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಊರಿನಲ್ಲೂ ಇಂಥ ಕರಡು ಬಂದರೆ ಹೋಗಿ ಓದಿ. ಸೂಕ್ಷ್ಮ ಜಾಗ ಯಾವುದು, ಅಪಾಯದ ಜಾಗ ಯಾವುದು ಎಂದು ಏನು ಬರೆದಿದ್ದಾರೆ, ಕೇಳಿ. ಮುಚ್ಚಿದ ಕೆರೆ, ತುಂಬಿದ ಗುಂಡಿ, ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳ ನಿಮಗೆ ಗೊತ್ತಿದ್ದರೆ ಸಭೆಯಲ್ಲಿ ಹೇಳಿ. ನೀವು ಬಾಯಿ ಬಿಡದಿದ್ದರೆ ಆ ಜಾಗ ನಕ್ಷೆಯಲ್ಲಿ ಬಿಳಿಯಾಗಿಯೇ ಉಳಿಯುತ್ತದೆ, ಅದರ ಮೇಲೆ ಯಾರೋ ಮನೆ ಕಟ್ಟುತ್ತಾರೆ.