ಹೊಳೆಗೆ ಬಿಡದ ಜನಿವಾರ

೧೯೮೩ರ ಮಾರ್ಗಶಿರದಲ್ಲಿ, ತಂದೆಯ ಮೊದಲ ವರ್ಷದ ಶ್ರಾದ್ಧಕ್ಕೆಂದು ಅನಂತಮೂರ್ತಿ ತನ್ನೂರು ಕಾಯ್ಕಿಣಿಗೆ ಬಂದಿಳಿದಾಗ ಅವನ ಮೈಯಲ್ಲಿ ಕಸುವೇ ಇರಲಿಲ್ಲ. ಮುಂಬಯಿ ಕಡೆಯ ಅಣು ಕಾರ್ಖಾನೆಯೊಂದರಲ್ಲಿ ಅವನದು ಲೆಕ್ಕ ಹಿಡಿಯುವ ಕೆಲಸ. ಉರಿದು ಮುಗಿದ ಇಂಧನವನ್ನು ಅಲ್ಲಿ ಆಮ್ಲದಲ್ಲಿ ಕರಗಿಸಿ ಪ್ಲುಟೋನಿಯಂ ಬೇರ್ಪಡಿಸುತ್ತಿದ್ದರು. ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು, ಕೊಳವೆಗೆ ಅಂಟಿದ್ದೆಷ್ಟು, ಒರೆಸಿದ ಬಟ್ಟೆಯಲ್ಲಿ ಉಳಿದದ್ದೆಷ್ಟು, ಎಲ್ಲವೂ ತಾಳೆಯಾಗಬೇಕು. ಈ ಸಲ ತಾಳೆಯಾಗದೆ ಹಗಲಿರುಳು ಅಲ್ಲೇ ಕಳೆದಿದ್ದ.

ಪುರೋಹಿತರಾದ ತಿಮ್ಮಪ್ಪ ಭಟ್ಟರು ಅವನ ಸೋದರಮಾವ. ಬಂದು ಅಂಗಿ ಕಳಚಿದವನ ಹೆಗಲನ್ನೇ ನೋಡಿದರು.

“ಹೊಸ ಜನಿವಾರ ಹಾಕ್ಯಂಡು ಬೈಂದೆ. ಹಳೇದು ಎಂತಾತೋ?”

“ಕಾರ್ಖಾನೇಲಿ ಕತ್ತರಿಸಿದ್ರು ಮಾವ.”

ಮುಚ್ಚಿಡುವ ತ್ರಾಣವಿಲ್ಲದೆ ಹೇಳಿಬಿಟ್ಟ. ದಣಿವಿನಲ್ಲಿ ಕೈಗವಸು ತೆಗೆಯಲು ಮರೆತು ಮೂತ್ರಕ್ಕೆ ಹೋಗಿದ್ದ. ರೂಢಿಯಂತೆ ಜನಿವಾರವನ್ನು ಕಿವಿಗೆ ಸುತ್ತಿದ್ದ. ಹೊರಬರುವಾಗ ವಿಕಿರಣ ಪತ್ತೆಹಚ್ಚುವ ಬಾಗಿಲ ಯಂತ್ರ ಕೂಗಿಕೊಂಡಿತು. ಕೈಗವಸಿನಿಂದ ಕಿವಿಗೆ ಹತ್ತಿದ ಪ್ಲುಟೋನಿಯಂ ತೊಳೆದರೆ ಹೋಯಿತು, ನೂಲಿನದು ಹೋಗಲಿಲ್ಲ.

“ಹೊಳೆಗಾದ್ರೂ ಬಿಟ್ಯ?”

“ಇಲ್ಲೆ. ಅದಕ್ಕೆ ಹತ್ತಿದ್ದೂ ಲೆಕ್ಕಕ್ಕೆ ಸೇರ್ತು. ಅಳೆದು, ಡ್ರಮ್ಮಿಗೆ ಹಾಕಿ ಮೊಹರು ಮಾಡಿದ್ದು. ಬರೆದು ಸಹಿ ಹಾಕಿದವ ನಾನೇ.”

“ಸರಕಾರದ ಕಾವಲಲ್ಲಿ ಇಪ್ಪ ಜನಿವಾರ ನಿಂದೊಂದೇ ಬಿಡು!” ಎಂದ ಭಟ್ಟರು ಒಡನೆಯೇ ಗಂಭೀರರಾದರು. “ಹೊಸದು ಹಾಕುವ ಮೊದಲು ಊಟ ಮಾಡಿದ್ಯ?”

“ಮಾಡಿದ್ದಿ. ಹಸಿವಾಗಿತ್ತು.”

ಉಪವಾಸವಿದ್ದ ತಾಯಿ ನರ್ಮದಾ ಒಳಬಾಗಿಲಿಗೆ ಬಂದು ನಿಂತಳು. ಇರುವವನು ಒಬ್ಬನೇ ಮಗ. ಅವನ ಕೈಯಿಂದ ಪಿಂಡ ಬೀಳದಿದ್ದರೆ ಗಂಡನಿಗೆ ಇಂದು ಏನೂ ಇಲ್ಲ.

“ಅಣ್ಣಾ, ಅವನ ಕೈಲೇ ಆಗ್ತು ಹೇಳು.”

“ಆಗ್ತು. ಜನಿವಾರ ಇಲ್ದೆ ಉಂಡ ದೋಷಕ್ಕೆ ಮೊದಲು ಮಿಂದು ಬಂದು ನೂರೆಂಟು ಗಾಯತ್ರಿ ಮಾಡವು. ಶ್ರಾದ್ಧದ ಹೊತ್ತು ಮೀರದಂಗೆ ಮುಗಿಸವು.”

ಅನಂತಮೂರ್ತಿ ಮಿಂದು ಮಣೆಯ ಮೇಲೆ ಕುಳಿತ. ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಸರಿಯುತ್ತಾ ಹೋಗಿ ಎಲ್ಲೋ ನಿಂತುಬಿಡುತ್ತಿತ್ತು. ತೂಕಡಿಕೆ. ಬೆಚ್ಚಿ ಕಣ್ಣು ತೆರೆದು ಮೊದಲಿನಿಂದ ಶುರುಮಾಡುವನು. ಮತ್ತೆ ಅದೇ ಕಥೆ. ಅಂಗಳದ ಗಿಡದ ನೆರಳು ಗಿಡ್ಡವಾಗಿ ನಡುಹಗಲಾಯಿತು.

“ಎಷ್ಟಾತೋ?”

“ತಪ್ಪಿಹೋತು ಮಾವ.” ಹೆಬ್ಬೆರಳನ್ನು ಮತ್ತೆ ಮೊದಲ ಗೆಣ್ಣಿಗೆ ತಂದ. “ಮತ್ತೂ ತಪ್ಪಿಹೋತು.”

ಭಟ್ಟರು ಬಿಸಿಲು ನೋಡಿದರು, ಅವನ ಮುಖವನ್ನೂ ನೋಡಿದರು. ತಮ್ಮ ಮಣೆಯನ್ನು ಅವನ ಪಕ್ಕಕ್ಕೆ ಎಳೆದುಕೊಂಡು ಕುಳಿತು, ಬೆರಳ ಗೆಣ್ಣಿಗೆ ಹೆಬ್ಬೆರಳು ಹಚ್ಚಿದರು.

“ನೀ ಮಂತ್ರ ಹೇಳು. ಎಣಿಕೆ ನಾ ಹಿಡಿತಿ.”

ಅನಂತಮೂರ್ತಿ ಕೈ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ಒಳಗೆ ನರ್ಮದಾ ಪಿಂಡದ ಅಕ್ಕಿ ತೊಳೆದು ಒಲೆಯ ಮೇಲೆ ಇಟ್ಟಳು.